ಗಲ್ಫಿಗಲ್ಲ, ಹಿಮಕ್ಕೆ

ಸರ್ಜನ್ ಅಜ್ಮಲ್ ಹೊರದೇಶಕ್ಕೆ ಹೊರಟಿದ್ದಾರೆ ಎಂಬ ಸುದ್ದಿ ಬಿ.ಸಿ.ರೋಡಿನಲ್ಲಿ ಹಬ್ಬಿದ್ದೇ ತಡ, ಅವರ ಕ್ಲಿನಿಕ್ಕಿನ ಮೇಜು ಪೊಟ್ಟಣಗಳಿಂದ ತುಂಬಿಹೋಯಿತು. ನಮ್ಮೂರಿನಲ್ಲಿ ಹೊರದೇಶವೆಂದರೆ ಗಲ್ಫ್. ಗಲ್ಫಿಗೆ ಹೋಗುವವರ ಪೆಟ್ಟಿಗೆಯಲ್ಲಿ ಊರವರಿಗೆಲ್ಲ ಪಾಲುಂಟು. ಸೌದಿಯ ಜುಬೈಲಿನಲ್ಲಿದ್ದ ನನ್ನ ಅಣ್ಣ ಹನೀಫಾನಿಗೆಂದು ಒಣ ಸಿಗಡಿ ಚಟ್ನಿ ಹಿಡಿದುಕೊಂಡು ನಾನೂ ಹೋದೆ.

"ಟೀಚರ್, ನಾನು ಹೋಗುವುದು ಗಲ್ಫಿಗಲ್ಲ," ಎಂದರು ನಗು ತಡೆದುಕೊಂಡು. "ಆರ್ಕ್ಟಿಕ್‌ಗೆ. ಉತ್ತರ ಧ್ರುವದ ಹತ್ತಿರ, ಸಂಶೋಧನಾ ತಂಡದ ಡಾಕ್ಟರಾಗಿ."

"ಅಲ್ಲಿ ನಮ್ಮೂರಿನವರು ಯಾರೂ ಇಲ್ವಾ?"

"ಹಿಮಕರಡಿ ಉಂಟು. ಬೇಕಾದ್ರೆ ಅದಕ್ಕೆ ಕೊಡ್ತೇನೆ."

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಪೊಟ್ಟಣ ಹಿಂದಕ್ಕೆ ಎಳೆದೆ, ಅವರು ಬಿಡಲಿಲ್ಲ. ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಅಷ್ಟು ಹೊತ್ತೂ ಅವರ ಕಣ್ಣು ನನ್ನ ಮುಖದ ಮೇಲೆಯೇ ಇತ್ತು, ನಾನು ಮಾತ್ರ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

"ಇರಲಿ ಬಿಡಿ. ಅಲ್ಲಿಯ ಊಟ ಸಪ್ಪೆಯಂತೆ," ಎಂದರು.

ಆಮೇಲೆ ಮಿಜಾರಿನ ಶಾಲೆಯಲ್ಲಿ ಪಾಠ ಮುಗಿಸಿ ಬರುವಾಗಲೆಲ್ಲ ನನಗೆ ಉಮ್ಮನ ಬಿ.ಪಿ. ನೆನಪಾಗತೊಡಗಿತು. ಕ್ಲಿನಿಕ್ಕಿಗೆ ಕರೆದುಕೊಂಡು ಹೋದಾಗ, ಬಿ.ಪಿ. ನೋಡಲು ಸರ್ಜನ್ ಯಾಕೆ ಎಂದು ಪಾಪ, ಉಮ್ಮನೂ ಕೇಳಲಿಲ್ಲ.

"ಹಿಂದೆ ಸ್ಕಾಟ್ಲೆಂಡಿನಲ್ಲಿ ಒಬ್ಬ ಸರ್ಜನ್ ಇದ್ದ," ಎಂದರು ಡಾಕ್ಟರು ಒಂದು ಸಂಜೆ. "ಆಸ್ಪತ್ರೆ ಬಿಟ್ಟು ಆರ್ಕ್ಟಿಕ್‌ನಲ್ಲಿ ಸಾವಿರಾರು ಮೈಲಿ ನಡೆದ. ಹಿಮದಲ್ಲಿ ಮನೆ ಕಟ್ಟುವುದನ್ನು ಅಲ್ಲಿಯ ಜನರಿಂದಲೇ ಕಲಿತ. ಸಣ್ಣವನಿದ್ದಾಗ ಅವನ ಬಗ್ಗೆ ಓದಿದೆ, ಆವತ್ತಿನಿಂದ ಈ ಹುಚ್ಚು."

"ಅವನಿಗೆ ಮದುವೆ ಆಗಿತ್ತಾ?"

"ಆಯ್ತು. ದೊಡ್ಡ ಪ್ರಯಾಣ ಎಲ್ಲ ಮುಗಿದ ಮೇಲೆ, ನಲವತ್ತು ದಾಟಿ."

"ಅಷ್ಟರವರೆಗೆ ಯಾರು ಕಾಯ್ತಾರೆ ಮಾರಾಯ್ರೆ!"

ಬಾಯಿ ತಪ್ಪಿ ಬಂದ ಮಾತು. ಅವರು ಏನೋ ಹೇಳಹೊರಟರು. ಅಷ್ಟರಲ್ಲಿ ಕೈ ಮುರಿದುಕೊಂಡ ಪೇಷೆಂಟ್ ಒಬ್ಬರು ಬಂದರು. ಮುಂದಿನ ವಾರ ಡಾಕ್ಟರು ಹೊರಟೇಹೋದರು, ಆ ಮಾತು ಹೇಳದೆಯೇ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆ ಸಿಟ್ಟು ಆರುವ ಮೊದಲೇ ಅಬ್ದುಲ್ ಶುಕೂರ್ ಮಾಮ ಗಲ್ಫಿನ ದಮ್ಮಾಮಿನಲ್ಲಿ ಕೆಲಸದಲ್ಲಿದ್ದ ಒಬ್ಬ ಹುಡುಗನ ಸಂಬಂಧ ತಂದರು. "ಶುಕ್ರವಾರ ಮಾತು ಕೊಡುವ," ಎಂದರು. ಅದೇ ವಾರ ಪತ್ರಿಕೆಯಲ್ಲಿ ಸಣ್ಣದೊಂದು ಸುದ್ದಿ ಬಂತು: ಆರ್ಕ್ಟಿಕ್ ತಂಡದ ಬೋಟ್ ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದಿದೆ, ಸಂಪರ್ಕ ಇಲ್ಲ. ತಂಡದ ಹೆಸರುಗಳಲ್ಲಿ ಅವರದ್ದೂ ಇತ್ತು.

ಪತ್ರಿಕೆ ಮಡಿಸಿಟ್ಟು ಅಡುಗೆಮನೆಯ ಮೂಲೆಯಲ್ಲಿ ಕೂತು ಅಳತೊಡಗಿದೆ. ಉಮ್ಮ ಪಕ್ಕದಲ್ಲಿ ಬಂದು ಕೂತರು.

"ಡಾಕ್ಟ್ರಿಗಾಗಿ ಅಳುವುದಾ ಸಬೀಹಾ?"

"ಹೌದು."

"ಅವರು ನಿನ್ನನ್ನು ಕೇಳಿದ್ದಾರಾ?"

"ಇಲ್ಲ."

"ನೀನಾದರೂ ಹೇಳಿದ್ದೀಯಾ?"

"ಇಲ್ಲ."

"ಒಳ್ಳೇ ಜೋಡಿ," ಎಂದು ಉಮ್ಮ ತಮ್ಮ ಸೆರಗಿನಲ್ಲೇ ನನ್ನ ಮುಖ ಒರೆಸಿದರು.

ಶುಕ್ರವಾರ ಮಾಮ ಬಂದಾಗ ನಾನೇ ಎದುರು ನಿಂತು ಸಂಬಂಧ ಬೇಡವೆಂದೆ. ಡಾಕ್ಟರು ಬದುಕಿದ್ದಾರೋ ಇಲ್ಲವೋ ಗೊತ್ತಿರಲಿಲ್ಲ. ಬದುಕಿದ್ದರೂ ನನ್ನನ್ನು ಬಯಸುತ್ತಾರೋ, ಅದೂ ಗೊತ್ತಿರಲಿಲ್ಲ. ಮನಸ್ಸು ಅವರಲ್ಲಿಟ್ಟುಕೊಂಡು ಇನ್ನೊಬ್ಬರ ಮನೆ ಸೇರಲು ನನ್ನಿಂದ ಆಗುವುದಿಲ್ಲ ಎಂಬುದೊಂದು ಗೊತ್ತಿತ್ತು. ಮಾಮ ಚಹಾ ಕುಡಿಯದೆ ಎದ್ದು ಹೋದರು.

ಮರುದಿನ ಮೊಬೈಲ್ ರಿಂಗಾಯಿತು. ಉದ್ದದ ನಂಬರ್.

"ಟೀಚರ್, ಬೋಟ್ ಬಿಡಿಸಿದರು. ಎಲ್ಲರೂ ಆರಾಮ ಇದ್ದೇವೆ."

ಎದೆಯ ಮೇಲಿದ್ದ ಕಲ್ಲು ಇಳಿಯಿತು. ಅಳುತ್ತಲೇ ಅವರಿಗೆ ಬೈದೆ.

"ಸಾಯ್ತೇನೆ ಅಂತ ಅಷ್ಟು ಹೆದರಿಕೆ ಆಗ್ಲಿಲ್ಲ," ಎಂದರು ಕೊನೆಗೆ. "ನಿಮಗೆ ಆ ಮಾತು ಹೇಳದೆ ಬಂದೆನಲ್ಲ ಅಂತ ತುಂಬಾ ಬೇಜಾರಾಯಿತು. ಸಬೀಹಾ, ನನ್ನನ್ನು ಮದುವೆ ಆಗ್ತೀರಾ?"

"ಆಗ್ತೇನೆ. ಆದರೆ ಇನ್ನು ಮುಂದೆ ಎಲ್ಲಿಗೆ ಹೋಗುವುದಾದ್ರೂ ನನ್ನನ್ನು ಕೇಳಿ ಹೋಗಬೇಕು."

"ಕೇಳಿದ್ರೆ ಬಿಡ್ತೀರಾ?"

ಈ ಮನುಷ್ಯ ಹಿಮದ ಹುಚ್ಚು ಬಿಡುವವರಲ್ಲ. ಆ ಹುಚ್ಚಿರುವ ಮನುಷ್ಯನೇ ನನಗೆ ಬೇಕಾದದ್ದು.

"ಬಿಡ್ತೇನೆ."

ಅಡುಗೆಮನೆಯಿಂದ ಉಮ್ಮ ಕೂಗಿದರು: "ಹೋಗುವುದು ಆಮೇಲೆ! ಮೊದಲು ಬರ್ಲಿಕ್ಕೆ ಹೇಳು ಅವರಿಗೆ!"