ಮೂವತ್ತು ಮೀಟರ್ ಆಳದ ಬಯೋಡೇಟಾ

ಅವನು ತಂದ ಬಯೋಡೇಟಾದಲ್ಲಿ ಮೂರೇ ಸಾಲುಗಳಿದ್ದವು. ಹೆಸರು, ವಿಳಾಸ, ಆಮೇಲೆ ‘ಶ್ರಮಜೀವಿ, ಪ್ರಾಮಾಣಿಕ’.

“ಇದು ಎಲ್ಲರೂ ಬರೆಯೋದೇ,” ಎಂದಳು ಟೈಪಿಂಗ್ ಅಂಗಡಿಯ ಒಡತಿ. “ಏನ್ ಕೆಲ್ಸ ಮಾಡಿದೀರಿ, ಅದು ಹೇಳಿ.”

“ಡೈವರ್ ಮೇಡಂ. ಹನ್ನೊಂದು ವರ್ಷ ನೀರಲ್ಲಿ ಮುಳುಗೋ ಕೆಲ್ಸ. ಅದ್ರಲ್ಲಿ ಬರೆಯೋಕೇನಿದೆ?”

ಈಗ ಕಿವಿ ಕೆಟ್ಟಿತ್ತು. ಇನ್ನು ಆಳಕ್ಕಿಳಿಯಕೂಡದೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಡೈವಿಂಗ್ ಶಾಲೆಯೊಂದರಲ್ಲಿ ದಡದ ಮೇಲೆ ನಿಂತು ಪಾಠ ಹೇಳುವ ಹುದ್ದೆ ಖಾಲಿಯಿತ್ತು. ಅದೂ ಕೈತಪ್ಪಿದರೆ ಅವನಿಗೆ ನೀರಿನ ಋಣವೇ ತೀರಿದಂತೆ.

“ಎಲ್ಲಿ ಮುಳುಗ್ತಿದ್ರಿ? ಎಷ್ಟು ಆಳ? ಏನ್ ಸಿಕ್ತು?” ಅವಳು ಕೀಬೋರ್ಡ್ ಎಳೆದುಕೊಂಡಳು.

ಅವನು ತಡವರಿಸುತ್ತ ಹೇಳಿದ. ಅಣೆಕಟ್ಟಿನ ಗೇಟು. ಮೂವತ್ತು ಮೀಟರ್ ಕೆಳಗೆ ಟಾರ್ಚ್ ಹಾಕಿದರೂ ಬರೀ ಕೆಸರು. ಬೆರಳಲ್ಲೇ ಗೇಟು ಸವರುತ್ತ ಹೋಗಬೇಕು. ಒಮ್ಮೆ ಕೂದಲೆಳೆಯಷ್ಟು ಬಿರುಕು ಉಗುರಿಗೆ ತಾಕಿತ್ತು. ಯಾರೂ ನಂಬಲಿಲ್ಲ. ಅವನು ಮತ್ತೆರಡು ಸಲ ಇಳಿದು, ಮೇಣದಲ್ಲಿ ಅದರ ಅಚ್ಚು ತೆಗೆದು ತಂದ. ಗೇಟು ರಿಪೇರಿಯಾಯಿತು. ಕೆಳಗಿನ ಊರುಗಳಿಗೆ ಸುದ್ದಿ ಕೂಡ ಮುಟ್ಟಲಿಲ್ಲ.

ಟೈಪಿಂಗ್ ನಿಂತುಹೋಯಿತು. ಮಧ್ಯಾಹ್ನದ ಬಿಸಿಲಲ್ಲಿ, ಮೇಜಿನ ಮೇಲಿದ್ದ ಆ ಒರಟು ಕೈಗಳನ್ನು ಅವಳು ನೋಡುತ್ತ ಕುಳಿತಳು.

“ಯಾಕ್ ಮೇಡಂ, ತಪ್ಪು ಹೇಳಿದ್ನಾ?”

“ಇಷ್ಟೆಲ್ಲ ಹೊಟ್ಟೇಲಿಟ್ಕೊಂಡು ‘ಶ್ರಮಜೀವಿ’ ಅಂತ ಬರ್ಕೊಂಡು ಬಂದಿದೀರಲ್ರೀ!”

ಅವನು ನಾಚಿ ನಕ್ಕ. ಅವಳು ಪರದೆಯ ಹಿಂದೆ ಮುಖ ಮರೆಸಿಕೊಂಡಳು.

ಒಂದೇ ಪುಟವಾಯಿತು. ಹೊಗಳಿಕೆ ಒಂದೂ ಇಲ್ಲ. ಆರು ಮಂದಿ ಹೊಸಬರಿಗೆ ಅವನು ಕೆಲಸ ಕಲಿಸಿದ್ದನ್ನು, ಪಾಠದ ಹುದ್ದೆಗೆ ಅದೇ ಮುಖ್ಯವೆಂದು, ಎಲ್ಲಕ್ಕಿಂತ ಮೇಲಕ್ಕೆ ತಂದಳು.

ಅವನು ಓದಿ ಮುಗಿಸಿ, ಮತ್ತೆ ಮೊದಲಿಂದ ಓದಿದ. “ಇದು ನಾನೇನಾ?”

“ನೀವೇ.”

ಮರುದಿನ ಫೋಟೋ ಅಂಟಿಸಲು ಬಂದ. ಅದರ ಮರುದಿನ, ಅಲ್ಪವಿರಾಮವೊಂದು ಸರಿಯಿಲ್ಲವೆಂದು ಬಂದ. ಅಲ್ಪವಿರಾಮ ಸರಿಯಾಗಿಯೇ ಇತ್ತು.

ಎರಡು ವಾರ ಕಳೆದು ಓಡುತ್ತ ಬಂದ. “ಕೆಲ್ಸ ಸಿಕ್ತು! ಆದ್ರೆ ಒಂದು ಎಡವಟ್ಟಾಯ್ತು. ಬಯೋಡೇಟಾ ಯಾರು ಬರೆದಿದ್ದು ಅಂತ ಪ್ರಿನ್ಸಿಪಾಲ್ರು ಕೇಳಿದ್ರು...”

“ಏನಂದ್ರಿ?”

“ಬಾಯಿ ತಪ್ಪಿ, ‘ನಮ್ಮನೆಯವ್ರು’ ಅಂದ್ಬಿಟ್ಟೆ.”

ಅವಳ ಕೆನ್ನೆ ರಂಗೇರಿತು. “ಬಾಯಿ ತಪ್ಪೀನಾ?”

“ಇಲ್ಲ.” ಮೊದಲ ಸಲ ಅವನು ನೇರವಾಗಿ ಅವಳ ಕಣ್ಣು ನೋಡಿದ. “ಎರಡು ವಾರದಿಂದ ಬಾಯಲ್ಲೇ ಇತ್ತು.”

ಅವಳು ಕಾಗದಗಳನ್ನು ಸುಮ್ಮಸುಮ್ಮನೆ ಜೋಡಿಸಿದಳು.

“ಅಪ್ಪ ಭಾನುವಾರ ಮನೇಲಿರ್ತಾರೆ. ಬಂದು ಕೇಳಿ,” ಎಂದಳು. “ಅಮ್ಮನ್ನ ನಾನು ನೋಡ್ಕೋತೀನಿ.”