ಪಾರ್ಲರಿನಲ್ಲಿ ತಾನಾಗಿ ಬಂದ ಸಿಗ್ನಲ್

“ಇದನ್ನ ಬಿಚ್ಚಿದವರು ಯಾರು?”

ರಿಪೇರಿ ಅಂಗಡಿಯವನು ತಲೆ ಎತ್ತಲಿಲ್ಲ. ಅವಳ ಲ್ಯಾಪ್‌ಟಾಪನ್ನು ಬೋರಲು ಹಾಕಿ, ಅದರ ಹೊಟ್ಟೆ ತೆರೆದು ನೋಡುತ್ತಿದ್ದ.

“ನಾನೇ! ಯಾಕೆ?”

“ಹಾಗಾದ್ರೆ ಇದೇನು, ಕಂಪನಿಯವರೇ ಹಾಕಿ ಕೊಟ್ಟಿದ್ದಾ?”

ಅವನ ಚಿಮುಟದ ತುದಿಯಲ್ಲಿ ನೇತಾಡುತ್ತಿತ್ತು... ಅವಳ ಹೇರ್‌ಪಿನ್!

ಅವಳ ಮುಖ ಕೆಂಪಾಯಿತು. “ನನ್ನ ಹತ್ರ ಸ್ಕ್ರೂಡ್ರೈವರ್ ಇರ್ಲಿಲ್ಲ. ಅದಕ್ಕೇ...”

“ಪಿನ್ನಲ್ಲೇ ಸರ್ಜರಿ ಮಾಡಿದ್ರಿ!”

ಬೈದುಬಿಡಬೇಕು ಅಂದುಕೊಂಡಳು. ಆದರೆ ಅವನು ನಕ್ಕುಬಿಟ್ಟ. ಮುಂದಲೆಯ ಕೂದಲು ಆಗಲೇ ಹಿಂದೆ ಸರಿದಿತ್ತು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಆ ನಗೆ ಮಾತ್ರ... ಅದಕ್ಕೆ ವಯಸ್ಸೇ ಆಗಿರಲಿಲ್ಲ.

ಅವಳು ಮನೆಯಿಂದಲೇ ಆನ್‌ಲೈನಿನಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಟೀಚರ್. ಭಿನ್ನರಾಶಿಯ ಪಾಠದ ಮಧ್ಯೆ ಸಿಗ್ನಲ್ ಹೋಗಿ, ಬಾಯಿ ತೆರೆದ ಅವಳ ಮುಖ ಹಾಗೇ ನಿಂತುಬಿಡುತ್ತಿತ್ತು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಆ ಸಿಟ್ಟಿಗೇ ಲ್ಯಾಪ್‌ಟಾಪ್ ಬಿಚ್ಚಿದ್ದು.

“ವೈರ್‌ಲೆಸ್ ಕಾರ್ಡ್ ಹಳೇದಾಗಿದೆ, ಟೀಚರ್. ಹೊಸದು ಹಾಕಿದ್ರೆ ಸರಿಹೋಗುತ್ತೆ. ತರಿಸೋಕೆ ಒಂದು ವಾರ ಬೇಕು. ಅಲ್ಲೀವರೆಗೂ ಇದನ್ನ ಇಟ್ಕೊಳ್ಳಿ.”

ಅವನು ಚಾಚಿದ್ದು ಮೂಲೆ ಸೀಳಿಹೋದ ಒಂದು ಹಳೆಯ ಲ್ಯಾಪ್‌ಟಾಪ್.

“ಇದು ನಿಮ್ದಾ?”

“ಹೂಂ. ನನ್ದೇ.”

ಅದೊಂದೇ ಮಾತು. ಆದರೆ ಮನೆಗೆ ಬಂದು ಅದರ ಕೀಲಿಗಳ ಮೇಲೆ ಬೆರಳಿಟ್ಟಾಗ, ಅವನ ಬೆರಳು ತಾಕಿದ ಜಾಗವಿದು ಎನ್ನಿಸಿ ಅವಳಿಗೆ ಮೈ ಜುಮ್ಮೆಂದಿತು. ‘ಛೀ, ಈ ವಯಸ್ಸಿಗೆ ಇದೆಂಥ ಹುಚ್ಚು!’

ಆ ವಾರವೆಲ್ಲ ಕಾರ್ಡ್ ಬಂತೇ ಎಂದು ಕೇಳುವ ನೆಪದಲ್ಲಿ ಅಂಗಡಿಗೆ ಹೋದಳು. ಅವಳು ಬಂದರೆ ಅವನು ಸ್ಟೂಲಿನ ಮೇಲಿದ್ದ ವೈರುಗಳನ್ನೆಲ್ಲ ಎತ್ತಿ, ತನ್ನ ಕರವಸ್ತ್ರದಿಂದಲೇ ಧೂಳು ಒರೆಸುತ್ತಿದ್ದ. ಮಾತು ಕಡಿಮೆ. ಏನೋ ಹೇಳಲು ಬಾಯಿ ತೆರೆಯುತ್ತಿದ್ದ, ಮತ್ತೆ ಸುಮ್ಮನಾಗುತ್ತಿದ್ದ.

“ಫೋನ್ ಮಾಡಿ ಕೇಳಿದ್ರೆ ಆಗಲ್ವೇನೇ?” ಎಂದು ಅಕ್ಕ ಕಾಲೆಳೆದಳು. “ಅದೂ ಸೀರೆಯ ನೆರಿಗೆ ಸರಿಮಾಡ್ಕೊಂಡು!”

“ನೀನು ಸುಮ್ನಿರೇ ಅಕ್ಕಾ!”

ಆ ಸಂತೋಷ ಉಳಿದದ್ದು ಅಕ್ಕನ ಜೊತೆ ಪಾರ್ಲರಿಗೆ ಹೋಗುವವರೆಗೆ.

ಅಕ್ಕ ಕೂದಲು ಕತ್ತರಿಸಿಕೊಳ್ಳುತ್ತಿದ್ದಳು. ಮಕ್ಕಳಿಗೆ ನಾಳಿನ ಲೆಕ್ಕಗಳನ್ನು ಟೈಪ್ ಮಾಡಿಡೋಣವೆಂದು ಅವಳು ಅಂಗಡಿಯವನ ಆ ಲ್ಯಾಪ್‌ಟಾಪ್ ತೆರೆದಳು. ಪಾಸ್‌ವರ್ಡ್ ಕೇಳಲಿಲ್ಲ. ಏನನ್ನೂ ಒತ್ತಲಿಲ್ಲ. ತೆರೆದದ್ದೇ ತಡ, ಪಾರ್ಲರಿನ ವೈಫೈ ತಾನಾಗಿ ಬಂದು ಕೂತಿತು. ಸಿಗ್ನಲ್ ಪೂರ್ತಿ!

ಅಂದರೆ ಈ ಲ್ಯಾಪ್‌ಟಾಪಿಗೆ ಈ ಜಾಗ ಹೊಸದಲ್ಲ. ಅವನು ಇಲ್ಲಿ ಕೂತಿದ್ದಾನೆ. ಕೂತು, ಪಾಸ್‌ವರ್ಡ್ ಕೇಳಿ ಹಾಕಿಕೊಳ್ಳುವಷ್ಟು ಹೊತ್ತು ಕೂತಿದ್ದಾನೆ!

ಪಾರ್ಲರಿನ ಒಡತಿಯ ಕಡೆ ನೋಡಿದಳು. ನೀಳ ಕತ್ತು, ತಿದ್ದಿದ ಹುಬ್ಬು, ಗಾಜಿನ ಬಳೆಯಂಥ ನಗು.

“ಮೂಲೆಯಂಗಡಿ ರಿಪೇರಿಯವರು ನಿಮ್ಗೆ ಗೊತ್ತಾ?” ಸ್ವರ ಸಹಜವಾಗಿರಲೆಂದು ಕೆಮ್ಮಿ ಕೇಳಿದಳು.

“ಅಯ್ಯೋ, ಅವ್ರಾ? ನಮ್ಮನೆಯವರ ಥರಾನೇ ಬಿಡಿ! ಕರೆದ್ರೆ ಸಾಕು, ಓಡಿ ಬರ್ತಾರೆ.”

ಎದುರಿನ ಕನ್ನಡಿಯಲ್ಲಿ ಅವಳ ಮುಖ ಅವಳಿಗೇ ಕಂಡಿತು. ಬಿಗಿದ ತುಟಿ, ಉರಿಯುವ ಕಣ್ಣು. ಪಕ್ಕದ ಕನ್ನಡಿಯಲ್ಲಿ ಅದೇ ಮುಖ, ಅದರಾಚೆಯದರಲ್ಲೂ ಅದೇ. ಹೊಟ್ಟೆಕಿಚ್ಚು ಎಷ್ಟು ಕುರೂಪ ಎಂದು ಒಬ್ಬ ಹೆಣ್ಣಿಗೆ ಇಷ್ಟೊಂದು ಕನ್ನಡಿಗಳು ಒಟ್ಟಿಗೆ ಹೇಳಬಾರದು.

ಹಿಂದೊಮ್ಮೆ ಹೀಗೇ ಆಗಿತ್ತು. ನಿಶ್ಚಯವಾದ ಹುಡುಗನಿಗೆ ಬೇರೊಬ್ಬಳು ಇದ್ದಾಳೆಂದು ಅವನ ಮನೆಯವರಿಗೆ, ಗೆಳೆಯರಿಗೆ, ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ನಗುನಗುತ್ತ ಓಡಾಡಿದ್ದು ಇವಳೊಬ್ಬಳೇ. ‘ಮತ್ತೆ ಪೆದ್ದಿ ಆಗಲ್ಲ ನಾನು... ಖಂಡಿತ ಆಗಲ್ಲ!’

ಮರುದಿನ ಬೆಳಿಗ್ಗೆ ಅಂಗಡಿಗೆ ಹೋದಾಗ ಅವನ ಮುಖ ಅರಳಿತ್ತು.

“ಬನ್ನಿ ಟೀಚರ್, ಕಾರ್ಡ್ ಬಂದಿದೆ! ನೋಡಿ, ಸ್ಕ್ರೂ ಹಾಕಿ ಕೂರಿಸಿದೀನಿ. ಈ ಎರಡು ಆಂಟೆನಾ ತಂತಿ ಸಿಗಿಸಿದ್ರೆ...”

“ಏನೂ ಬೇಡ. ಮುಚ್ಚಿ ಕೊಡಿ.”

“ಸಿಗಿಸದಿದ್ರೆ ಸಿಗ್ನಲ್ಲೇ ಬರಲ್ಲ, ಟೀಚರ್.”

“ಬರದೇ ಇರ್ಲಿ!” ಅವಳು ಚೀಲ ಹೆಗಲಿಗೇರಿಸಿದಳು. “ಒಂದು ಕೇಳ್ತೀನಿ. ತಲೆಯಲ್ಲಿ ನಾಲ್ಕು ಕೂದಲಿಲ್ಲದವರಿಗೆ ಬ್ಯೂಟಿ ಪಾರ್ಲರಲ್ಲಿ ಏನು ಕೆಲಸ?”

ಅವನು ಕಕ್ಕಾಬಿಕ್ಕಿಯಾದ. ಕೈ ತಾನಾಗಿ ಬೋಳು ಹಣೆಗೆ ಹೋಯಿತು.

“ಪಾರ್ಲರಾ? ನಾನಾ?”

“ನಾಟಕ ಬೇಡ!” ಎಂದಳು. ಅವನು ಬೇಗಬೇಗ ತಳ ಮುಚ್ಚಿಕೊಟ್ಟ ಲ್ಯಾಪ್‌ಟಾಪನ್ನು ಕಿತ್ತುಕೊಂಡು, ಮೇಜಿನ ಮೇಲೆ ಹಣವಿಟ್ಟು, ದುಡುದುಡು ಹೊರಟುಬಂದಳು.

ಮನೆಗೆ ಬಂದು ಚೀಲ ತೆರೆದರೆ ಎರಡು ಲ್ಯಾಪ್‌ಟಾಪ್! ಸಿಟ್ಟಿನಲ್ಲಿ ಅವನದನ್ನು ಹಿಂದಿರುಗಿಸುವುದನ್ನೇ ಮರೆತಿದ್ದಳು. ತನ್ನದರಲ್ಲಿ ಒಂದು ಗೆರೆ ಸಿಗ್ನಲ್ಲೂ ಇಲ್ಲ. ಪಾಠದ ಹೊತ್ತು ಬೇರೆ. ಹಲ್ಲು ಕಚ್ಚಿ ಮತ್ತೆ ಅವನದನ್ನೇ ತೆರೆದಳು.

“ಜಗಳ ಆಡಿ ಬಂದವನ ಲ್ಯಾಪ್‌ಟಾಪಲ್ಲೇ ಪಾಠ! ನಾಚಿಕೆ ಇಲ್ವೇನೇ?” ಎಂದಳು ಅಕ್ಕ.

ಅವಳಿಗೆ ಅಳು ಬಂತು. ಅಕ್ಕ ನಗೆ ನಿಲ್ಲಿಸಿ ತಂಗಿಯ ಬೆನ್ನು ಸವರಿದಳು.

ಎರಡು ದಿನ ಬಿಟ್ಟು ಅಕ್ಕನಿಗೆ ಹಲ್ಲುನೋವು. ದಂತವೈದ್ಯರ ಬಳಿ ಸರದಿ ದೊಡ್ಡದಿತ್ತು. ಸಂಜೆಯ ಪಾಠ ತಪ್ಪಬಾರದೆಂದು ಅವಳು ಆ ಲ್ಯಾಪ್‌ಟಾಪನ್ನು ಜೊತೆಗೇ ತಂದಿದ್ದಳು. ಹೊರಗಿನ ಬೆಂಚಿನ ಮೇಲೆ ಕೂತು ತೆರೆದಳು.

ವೈಫೈ ತಾನಾಗಿ ಬಂತು. ಸಿಗ್ನಲ್ ಪೂರ್ತಿ!

‘ಇಲ್ಲೂನಾ!’

ತಲೆ ಎತ್ತಿದಳು. ರೋಗಿಗಳನ್ನು ಬಿಟ್ಟರೆ ಈ ಕ್ಲಿನಿಕ್ಕಿನಲ್ಲಿದ್ದದ್ದು ಎಪ್ಪತ್ತು ದಾಟಿದ, ಬಿಳಿ ಮೀಸೆಯ ಡಾಕ್ಟರೊಬ್ಬರೇ. ಈ ತಾತನ ಮೇಲೂ ಹೊಟ್ಟೆಕಿಚ್ಚು ಪಡಬೇಕೇ?

ಅಷ್ಟರಲ್ಲಿ ಡಾಕ್ಟರೇ ಬಾಗಿಲಿಗೆ ಬಂದವರು ನಿಂತುಬಿಟ್ಟರು. “ಓ! ಇದು ಈಗ ನಿಮ್ಮ ಹತ್ರ ಬಂತಾ? ನನ್ನ ಲ್ಯಾಪ್‌ಟಾಪ್ ಕೆಟ್ಟಾಗ ನಂಗೂ ಇದನ್ನೇ ಕೊಟ್ಟಿದ್ದ. ಆ ಸೀಳು ನೋಡಿ, ನನ್ನ ಕೈಯಿಂದ ಬಿದ್ದದ್ದು. ಪುಣ್ಯಾತ್ಮ, ಒಂದು ಮಾತು ಅನ್ಲಿಲ್ಲ.”

“ಎಲ್ಲರಿಗೂ... ಇದನ್ನೇ ಕೊಡ್ತಾರಾ?”

“ಕೆಲಸ ನಿಲ್ಲಬಾರದು ಅಂತ ಕೊಡ್ತಾನಮ್ಮ. ಏನು ಕೆಟ್ರೂ, ಯಾರು ಕರೆದ್ರೂ ಓಡಿ ಬರ್ತಾನೆ. ನನಗಿಂತ ಮುಂಚೆ ಆ ಪಾರ್ಲರಿನಮ್ಮನ ಹತ್ರ ಇತ್ತು. ತೆರೆದ್ರೆ ಬರೀ ಕೇಶವಿನ್ಯಾಸದ ಚಿತ್ರಗಳು!”

ಅವಳ ಕಿವಿಗೆ ಡಾಕ್ಟರ ನಗು ಬೀಳಲೇ ಇಲ್ಲ. ಅಲ್ಲಿಗೆ ಹೋಗಿ ಕೂತದ್ದು ಅವನಲ್ಲ... ಈ ಲ್ಯಾಪ್‌ಟಾಪ್! ಅಯ್ಯೋ, ಅವನ ಕೂದಲನ್ನೂ ಆಡಿಕೊಂಡೆನಲ್ಲ!

“ಅಕ್ಕಾ, ನೀನು ಹಲ್ಲು ತೋರಿಸ್ಕೋ. ನಾನು ಈಗ್ಲೇ ಬಂದೆ!”

“ಹೋಗೇ ಮಾರಾಯ್ತಿ,” ಕೆನ್ನೆ ಹಿಡಿದುಕೊಂಡೇ ಅಕ್ಕ ಅಂದಳು. “ಬರುವಾಗ ಮುಖ ನೆಟ್ಟಗಿರ್ಲಿ.”

ಮನೆಗೆ ಓಡಿ ತನ್ನ ಲ್ಯಾಪ್‌ಟಾಪನ್ನೂ ಎತ್ತಿಕೊಂಡು ಅಂಗಡಿಗೆ ಬಂದಳು. ಎರಡನ್ನೂ ಮೇಜಿನ ಮೇಲಿಟ್ಟು ತಲೆ ತಗ್ಗಿಸಿದಳು.

“ತಪ್ಪಾಯ್ತು... ನಿಮ್ಮನ್ನ ಅನುಮಾನಿಸಿದೆ. ಪಾರ್ಲರಲ್ಲಿ ಇದು ತಾನಾಗೇ ಕನೆಕ್ಟ್ ಆಯ್ತು. ನೀವು ಅಲ್ಲಿಗೆ... ಅವರ ಹತ್ರ...”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ನಗಲಿಲ್ಲ. ಎಂದಿನಂತೆ ಸ್ಟೂಲು ಒರೆಸಿದ.

“ಕೂತ್ಕೊಳ್ಳಿ. ನಾನೂ ಅದೇ ತಪ್ಪು ಮಾಡಿದೀನಿ.”

“ನೀವಾ?”

“ಮೊದಲ ದಿನ ನಿಮ್ಮ ಲ್ಯಾಪ್‌ಟಾಪ್ ಪರೀಕ್ಷೆ ಮಾಡುವಾಗ ನೋಡ್ದೆ. ಅದರಲ್ಲಿ ಉಳಿದಿರೋ ವೈಫೈ ಹೆಸರುಗಳಲ್ಲಿ ಮೊದಲನೇದು ‘ನಾವಿಬ್ಬರು’. ಯಾರೋ ಇದಾರೆ ಅಂದ್ಕೊಂಡೆ.” ಅವನು ಕನ್ನಡಕ ತೆಗೆದು ಒರೆಸಿದ. “ಆವತ್ತಿಂದ ಆ ಯಾರೋ ಮೇಲೆ ಉರಿದುಕೊಂಡೇ ಇದೀನಿ, ಟೀಚರ್. ಅದಕ್ಕೇ ಏನೂ ಹೇಳೋಕಾಗ್ಲಿಲ್ಲ.”

ಅವಳ ಕಣ್ಣು ತುಂಬಿತು. “ಅದು ಮದುವೆಗೆ ಮುಂಚೆ ಬಾಡಿಗೆಗೆ ಹಿಡಿದ ಮನೇದು. ಮದುವೆಯೇ ಆಗ್ಲಿಲ್ಲ. ಆ ಹೆಸರು ಇನ್ನೂ ಇದೆ ಅಂತಾನೂ ಗೊತ್ತಿರ್ಲಿಲ್ಲ ನಂಗೆ.”

ಅವನು ಅವಳ ಲ್ಯಾಪ್‌ಟಾಪಿನ ತಳ ಬಿಚ್ಚಿದ. ಹೊಸ ಕಾರ್ಡು, ಪಕ್ಕದಲ್ಲಿ ಕಪ್ಪು ತಂತಿ, ಬಿಳಿ ತಂತಿ.

“ನೀವೇ ಸಿಗಿಸಿ. ತಂತಿಯ ತಲೆ ನೇರ ಕೂರಿಸಿ ಮೆಲ್ಲಗೆ ಒತ್ತಬೇಕು. ಜೋರು ಮಾಡಿದ್ರೆ ಮುರಿಯುತ್ತೆ.”

ಅವಳು ತಂತಿ ಕೈಗೆತ್ತಿಕೊಂಡಳು. ಅವನು ಮುಟ್ಟಲಿಲ್ಲ, ದೀಪವನ್ನಷ್ಟೇ ಹತ್ತಿರ ತಂದ. ‘ಟಿಕ್’ ಎಂದು ಒಂದು ಕೂತಿತು. ಇನ್ನೊಂದೂ ಕೂತಿತು.

ತಳ ಮುಚ್ಚಿ ಲ್ಯಾಪ್‌ಟಾಪ್ ಆನ್ ಮಾಡಿದಾಗ, ಅವಳು ಮೊದಲು ಮಾಡಿದ್ದು ಆ ಹಳೆಯ ಹೆಸರನ್ನು ಅಳಿಸುವ ಕೆಲಸ. ಆಮೇಲೆ ಅಂಗಡಿಯ ವೈಫೈ ಒತ್ತಿದಳು.

“ಪಾಸ್‌ವರ್ಡ್ ಕೇಳ್ತಿದೆ.”

ಅವನ ಬೋಳು ಹಣೆಯವರೆಗೂ ಕೆಂಪೇರಿತು!

“ಅದು... ನೀವು ಮೊದಲ ಸಲ ಬಂದ ದಿನಾನೇ ಬದಲಾಯಿಸಿದ್ದು.”

“ಏನಂತ?”

“ಹೇರ್‌ಪಿನ್.”

ಅವಳು ಒಂದೊಂದೇ ಅಕ್ಷರ ಒತ್ತಿದಳು. ಸಿಗ್ನಲ್ ಪೂರ್ತಿ ಬಂತು. ಪರದೆ ಮಸುಕಾಗಿ ಕಂಡದ್ದಕ್ಕೆ ಕಾರಣ ಲ್ಯಾಪ್‌ಟಾಪ್ ಅಲ್ಲ.

“ಹಾಗಾದ್ರೆ ನನ್ನ ಪಿನ್ ಎಲ್ಲಿ?”

ಅವನು ಅಂಗಿಯ ಜೇಬು ಮುಟ್ಟಿಕೊಂಡ. “ಇದೆ. ವಾಪಸ್ ಬೇಕಾ?”

“ಬೇಡ,” ಎಂದಳು ಅವಳು, ಕಣ್ಣೊರೆಸಿಕೊಂಡು ನಗುತ್ತ. “ಆದ್ರೆ ಇನ್ಮೇಲೆ ಪಾರ್ಲರಿನಮ್ಮ ಕರೆದ್ರೆ...”

“ಕರೆದ್ರೆ?”

“ನಾನೂ ಜೊತೆಗೆ ಬರ್ತೀನಿ!”