ಬಲಗೈ ಇದ್ದ ಜಾಗ

ಶಟರ್ ಎತ್ತಿದರೆ ಕಬ್ಬಿಣವೇ ಬೆರಳಿಗೆ ಅಂಟಿಕೊಳ್ಳುವಂಥ ಚಳಿ ಅವತ್ತು. ಕರೆಂಟಕ್ಕ ಅಂಗೈಗೆ ಬಾಯಿಂದ ಬಿಸಿಗಾಳಿ ಊದಿಕೊಳ್ಳುತ್ತ ವರ್ಕ್‌ಶಾಪಿನೊಳಗೆ ಬಂದಳು. ಹಿಂದಿನ ಸಂಜೆಯಿಂದ ಅಲ್ಲೇ ನಿಂತಿದ್ದ ಕಪ್ಪು ಎಸ್‌ಯುವಿಯ ಬಾಗಿಲು ತೆಗೆದು, ಡ್ರೈವರ್ ಸೀಟಿನಲ್ಲಿ ಕೂತು ಸ್ಟೀರಿಂಗ್ ಹಿಡಿದಳು.

ಹಿಡಿದವಳೇ ಕೈ ಹಿಂದಕ್ಕೆಳೆದುಕೊಂಡಳು.

ಬಿಸಿಯಾಗಿತ್ತು. ಇಡೀ ಚಕ್ರ ಅಲ್ಲ, ಬಲಗಡೆ ಒಂದು ಅಂಗೈ ಹಿಡಿಯುವಷ್ಟು ಜಾಗ ಮಾತ್ರ. ಈಗಷ್ಟೇ ಯಾರೋ ಕೈ ತೆಗೆದು ಎದ್ದುಹೋದ ಹಾಗೆ.

ಅವಳಿಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಗಾಡಿ ಬಿಟ್ಟುಹೋಗಿದ್ದ ದನದ ಡಾಕ್ಟರಿಗೆ ನೇರ ಫೋನ್ ಹಚ್ಚಿದಳು.

"ಡಾಕ್ಟ್ರೇ, ತಮಾಷೆಗೆ ನಾನೇ ಸಿಕ್ಕಿದ್ನಾ ನಿಮಗೆ? ಸ್ಟೀರಿಂಗ್‌ಗೆ ಹೀಟರ್ ಹಾಕ್ಕೊಡಿ ಅಂದ್ರಿ. ಇದರಲ್ಲಿ ಆಗ್ಲೇ ಹೀಟರ್ ಇದೆಯಲ್ರೀ!"

ಆ ಕಡೆಯಿಂದ ತುಂಬ ಮೆಲ್ಲಗೆ, "ಬಿಸಿ ಇದೆಯಾ? ನಿಮ್ಮ ಕೈಗೂ?"

"ಮತ್ತೆ ಯಾರ ಕೈಗೆ?"

"ಏನೂ ಮುಟ್ಟಬೇಡಿ. ಈಗಲೇ ಬಂದೆ."

ಗಾಡಿಗಳ ವೈರಿಂಗ್ ಕೆಲಸದಲ್ಲಿ ಅವಳ ಕೈ ಪಳಗಿತ್ತು. ವರ್ಕ್‌ಶಾಪ್ ಅವಳ ಭಾವನದು. ಇಂಜಿನ್ ಅವನದು, ವೈರಿಂಗ್ ಇವಳದು. ಅಕ್ಕನ ಗಂಡನಾದ ಆ ಭಾವನಿಂದ ಹಿಡಿದು ಟಯರ್ ಅಂಗಡಿಯ ಮುದುಕರವರೆಗೆ ಎಲ್ಲರ ಬಾಯಲ್ಲೂ ಅವಳು ಕರೆಂಟಕ್ಕ. ಆದರೆ ಈ ಡಾಕ್ಟರ್ ಮಾತ್ರ ಬಂದ ಮೊದಲ ದಿನವೇ ತಡವರಿಸಿ, "ಕರೆಂಟ್... ಅವರೇ" ಅಂದಿದ್ದ. ಭಾವ ಜಾಕ್ ಇಳಿಸುತ್ತ ಕಿವಿ ನಿಮಿರಿಸಿದ್ದ. "ಊರಿಗೆಲ್ಲ ಅಕ್ಕ ಆದವಳು ಇವನೊಬ್ಬನಿಗೆ ಅಕ್ಕ ಅಲ್ಲ ನೋಡು," ಅಂತ ಮನೆಗೆ ಹೋಗಿ ಹೆಂಡತಿಗೆ ಹೇಳಿ ನಗಾಡಿದ್ದ.

ಡಾಕ್ಟರ್ ಬಂದ. ಹಳ್ಳಿ ಹಳ್ಳಿ ಸುತ್ತಿ ಕೆಂಪೇರಿದ ಮುಖ, ಒಂದು ಗುಂಡಿ ತಪ್ಪಿ ಹಾಕಿದ ಸ್ವೆಟರ್. ಕೈ ಚಾಚಿ ಬಲಗಡೆಯ ಆ ಜಾಗ ಮುಟ್ಟಿದ.

"ಇದರಲ್ಲಿ ಹೀಟರ್ ಇಲ್ಲ, ಅಲ್ವಾ?"

"ಬಿಚ್ಚಿ ನೋಡೋಣ."

ಬ್ಯಾಟರಿಯ ವೈರ್ ಕಳಚಿಟ್ಟಳು. ಸ್ಟೀರಿಂಗ್‌ನ ಏರ್‌ಬ್ಯಾಗ್ ಮುಟ್ಟುವ ಮೊದಲು ಒಳಗಿನ ಕರೆಂಟ್ ಪೂರ್ತಿ ಇಳಿಯಬೇಕು, ಅಲ್ಲಿಯವರೆಗೆ ಕಾಯಬೇಕು. ಭಾವ ಎರಡು ಲೋಟ ಚಹಾ ತಂದಿಟ್ಟು, ಇಬ್ಬರ ಮುಖವನ್ನೂ ನೋಡಿ, ಹೊರಗೆ ನಡೆದ. ಲೋಟಗಳು ಆರಿದವು. ಗಾಡಿಯಲ್ಲಿ ಎಲ್ಲವೂ ಸತ್ತಂತೆ ತಣ್ಣಗಿತ್ತು. ಆ ಅಂಗೈ ಜಾಗದ ಬಿಸಿ ಮಾತ್ರ ಒಂದು ಚೂರೂ ಇಳಿಯಲಿಲ್ಲ.

ಏರ್‌ಬ್ಯಾಗ್ ತೆಗೆದಳು. ನಡುವಿನ ಬೋಲ್ಟ್ ಸಡಿಲಿಸಿ ಚಕ್ರವನ್ನೇ ಕಳಚಿ ತಿರುಗಿಸಿ ನೋಡಿದಳು. ಹಾರ್ನ್‌ನ ವೈರ್, ಬಟನ್‌ಗಳ ವೈರ್. ಬಿಸಿ ಮಾಡುವಂಥದ್ದು ಒಂದು ಎಳೆಯೂ ಇಲ್ಲ. ಕೈಯಲ್ಲಿದ್ದ ಚಕ್ರ ಈಗ ಪೂರ್ತಿ ತಣ್ಣಗಿತ್ತು.

"ಅಬ್ಬ, ಹೋಯ್ತು," ಅಂದಳು.

"ಇಲ್ಲ," ಅಂದ ಅವನು. "ಇಲ್ಲೇ ಇದೆ."

ಸ್ಟೀರಿಂಗ್ ಇಲ್ಲದ ಬೋಳು ಜಾಗದಲ್ಲಿ, ಮೊದಲು ಚಕ್ರದ ಬಲಗಡೆ ಇರುತ್ತಿದ್ದಲ್ಲಿ, ಅವನ ಕೈ ಗಾಳಿಯಲ್ಲಿ ನಿಂತಿತ್ತು. ಅವಳೂ ಕೈ ಚಾಚಿದಳು. ಬರೀ ಗಾಳಿ, ಆದರೆ ಬೆಚ್ಚಗಿನ ಗಾಳಿ. ಒಂದು ಕ್ಷಣ ಯಾರೋ ಅವಳ ಬೆರಳುಗಳನ್ನು ಮೆತ್ತಗೆ ಹಿಡಿದರು, ಬೇಕಾದ ಕೈ ಇದಲ್ಲ ಎಂದು ಗೊತ್ತಾದ ಹಾಗೆ ಬಿಟ್ಟರು.

ಅವಳು ಕಿರುಚಲಿಲ್ಲ. ಪಕ್ಕದಲ್ಲಿದ್ದ ಡಾಕ್ಟರ ತೋಳನ್ನು ಮಾತ್ರ ಗಟ್ಟಿಯಾಗಿ ಹಿಡಿದಳು. ಅವನ ಕಣ್ಣು ತುಂಬಿಬಂದಿದ್ದು ನೋಡಿ ಅವಳಿಗೆ ಇನ್ನೂ ಗಾಬರಿಯಾಯಿತು.

"ಅಳ್ತಿದ್ದೀರಾ?"

"ನಿಮ್ಮ ಕೈಗೂ ಗೊತ್ತಾಯ್ತಲ್ಲ, ಆ ಖುಷಿಗೆ," ಅಂದ. "ನಮ್ಮಮ್ಮ ಕೊನೆಕೊನೆಗೆ ಇಲ್ಲದವರ ಜೊತೆ ಮಾತಾಡ್ತಿದ್ರು. ಈ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡಾಗಿಂದ ನನಗೂ ಅದೇ ಶುರುವಾಯ್ತು ಅಂದ್ಕೊಂಡಿದ್ದೆ. ಹೀಟರ್ ಹಾಕಿಸಿಬಿಟ್ರೆ ಈ ಬಿಸಿಗೆ ಒಂದು ಕಾರಣ ಇರುತ್ತಲ್ಲ, ನನ್ನ ಪಾಡಿಗೆ ನಾನು ನಂಬ್ಕೊಂಡು ಇದ್ದುಬಿಡಬಹುದು ಅಂತ ನಿಮ್ಮ ಹತ್ರ ಬಂದೆ."

ಎಂಥೆಂಥ ಗಿರಾಕಿಗಳನ್ನು ಕಂಡವಳು ಅವಳು. ತಲೆ ಕೆಟ್ಟಿಲ್ಲ ಎಂದು ತನಗೆ ತಾನೇ ಸುಳ್ಳು ಹೇಳಿಕೊಳ್ಳಲು ಗಾಡಿಗೆ ಸಾಮಾನು ಹಾಕಿಸುವವನನ್ನು ಕಂಡಿರಲಿಲ್ಲ. ತೋಳು ಬಿಡಬೇಕಿತ್ತು. ಬಿಡಲು ಸ್ವಲ್ಪ ತಡವಾಯಿತು.

"ಹೆದರಿಕೊಂಡು ಹಾಗೇ ಬಿಡೋಕಾಗಲ್ಲ. ಮೊದಲು ಕೆಲಸ ಮುಗಿಸ್ತೀನಿ," ಅಂದಳು. "ಆಮೇಲೆ ಈ ಗಾಡಿ ಯಾರದಾಗಿತ್ತೋ ಅವರ ಮನೆಗೆ ಹೋಗೋಣ."

ಇದಕ್ಕೆಂದೇ ತರಿಸಿಟ್ಟಿದ್ದ, ಹೀಟರ್ ಇದ್ದ ಹೊಸ ಚಕ್ರ ಕೂರಿಸಿದಳು. ಅದಕ್ಕೆ ಹೊಂದುವ ಸುರುಳಿ ಕೇಬಲ್, ಬೇರೆ ಫ್ಯೂಸ್, ಕೆಳಗೊಂದು ಸ್ವಿಚ್. ಅವನು ಟಾರ್ಚ್ ಹಿಡಿದು ನಿಂತಿದ್ದ. ಬೆಳಕು ಆಗಾಗ ವೈರ್ ಬಿಟ್ಟು ಅವಳ ಕೆನ್ನೆಯ ಮೇಲೆ ಹೋಗಿ ನಿಲ್ಲುತ್ತಿತ್ತು.

"ಟಾರ್ಚ್ ಕೆಲಸದ ಕಡೆ ಇರ್ಲಿ ಡಾಕ್ಟ್ರೇ."

"ಕೈ ನಡುಗ್ತಿದೆ, ಅದಕ್ಕೇ."

"ಕೈ ನಡುಗಿದ್ರೆ ಬೆಳಕು ನಡುಗತ್ತೆ. ನಿಂತ್ಕೊಳಲ್ಲ."

ಕೆಲಸ ಮುಗಿಯಿತು. ಹೀಟರಿನ ಸ್ವಿಚ್ ಇನ್ನೂ ಒತ್ತಿರಲಿಲ್ಲ, ಆದರೂ ಹೊಸ ಚಕ್ರದ ಬಲಗಡೆ ಬಿಸಿ ಬಂದು ಕೂತಿತ್ತು. ಕಳಚಿದ ಸಾಮಾನು ಗಿರಾಕಿಗೇ ವಾಪಸ್ ಕೊಡುವುದು ಅವಳ ರೂಢಿ. ಹಳೆ ಚಕ್ರವನ್ನು ಹಿಂದಿನ ಸೀಟಿನಲ್ಲಿಟ್ಟಳು.

ಮಧ್ಯಾಹ್ನವಾದರೂ ಮಂಜು ಕರಗಿರಲಿಲ್ಲ. ಗಾಡಿ ಮಾರಿದ್ದು ಮೇಲಿನ ಬೀದಿಯ ಒಬ್ಬ ವಯಸ್ಸಾದ ಹೆಂಗಸು. "ನಮ್ಮ ಯಜಮಾನ್ರು ಇನ್ನು ಓಡಿಸಲ್ಲ," ಅಂದಿದ್ದರಂತೆ. ತೀರಿಕೊಂಡಿರಬೇಕು ಅಂದುಕೊಂಡು ಡಾಕ್ಟರ್ ಹೆಚ್ಚು ಕೇಳಿರಲಿಲ್ಲ. ಮನೆಗೆ ಅವನು ಹೋಗಿದ್ದು ಒಂದೇ ಸಲ.

ಅವನು ಬರೀ ಎಡಗೈಯಲ್ಲಿ ಓಡಿಸುತ್ತಿದ್ದ. ಪಕ್ಕದ ಸೀಟಿನಿಂದ ಅವಳು ಹೇಳಿದಳು, "ಬಲಗೈನೂ ಇಡಿ. ನಾನಿದ್ದೀನಲ್ಲ."

ಇಟ್ಟ. "ಕೈ ಮೇಲೆ ಕೈ ಇಟ್ಟ ಹಾಗಿದೆ," ಅಂದ. ಮೂರು ರಸ್ತೆ ಕೂಡುವಲ್ಲಿ ಮಂಜಿನೊಳಗೆ ಏನೂ ಕಾಣದೆ ನಿಧಾನ ಮಾಡಿದ. ಆಗ ಚಕ್ರ ತಾನಾಗಿಯೇ, ತುಂಬ ಸಾವಧಾನವಾಗಿ, ಎಡಕ್ಕೆ ತಿರುಗಿತು.

"ನೀವು ತಿರುಗಿಸಿದ್ರಾ?"

ಅವನು ತಲೆಯಾಡಿಸಿದ, ಇಲ್ಲ. ಎದುರಿಗೆ ಆ ಮನೆಯ ಗೇಟು ಮಂಜಿನಿಂದ ಮೂಡಿಬಂತು.

ಬಾಗಿಲು ತೆರೆದ, ಗಾಡಿ ಮಾರಿದ್ದ ಅಮ್ಮ ಇವರಿಗಿಂತ ಮೊದಲು ಗಾಡಿಯನ್ನು ನೋಡಿದರು. ಸೆರಗಿನಿಂದ ಬಾಯಿ ಒತ್ತಿಕೊಂಡು, "ಬನ್ನಿ ಒಳಗೆ," ಅಂದರು.

ಕಿಟಕಿ ಪಕ್ಕದ ಮಂಚದ ಮೇಲೆ ಯಜಮಾನರು ಮಲಗಿದ್ದರು. ಬದುಕಿದ್ದರು. ಕಣ್ಣು ಸೂರಿನ ಮೇಲೆ. ಬಲಗೈ ಮಾತ್ರ ಕಂಬಳಿಯ ಹೊರಗೆ ಗಾಳಿಯಲ್ಲಿ ಎತ್ತಿದಂತೆಯೇ ಇತ್ತು, ಬೆರಳು ಅರ್ಧ ಮಡಚಿ, ಏನನ್ನೋ ಹಿಡಿದ ಹಾಗೆ. ಆ ಕೈ ಸಣ್ಣಗೆ ಎಡಕ್ಕೆ ತಿರುಗಿ, ನೇರವಾಗಿ, ನಿಂತಿತು.

"ಸ್ಟ್ರೋಕ್ ಆದ ಮೇಲೆ ಮಾತಿಲ್ಲ," ಅಂದರು ಅಮ್ಮ. "ನನ್ನ ಗುರುತೂ ಇದೆಯೋ ಇಲ್ವೋ. ಇನ್ನು ಯಾರು ಓಡಿಸ್ತಾರೆ ಅಂತ ಇವರನ್ನ ಒಂದು ಮಾತು ಕೇಳದೆ ಗಾಡಿ ಕೊಟ್ಟುಬಿಟ್ಟೆ. ಅವತ್ತಿಂದ ಕೈ ಹೀಗೆ. ಇಳಿಸಿದ್ರೂ ನಿಲ್ಲಲ್ಲ. ಮೈಯೆಲ್ಲ ಬಿಸಿ ಇದ್ರೂ ಈ ಕೈಯೊಂದೇ ಕಲ್ಲಿನ ಹಾಗೆ ತಣ್ಣಗೆ."

ಡಾಕ್ಟರ್ ಮಣಿಕಟ್ಟು ಹಿಡಿದು ನೋಡಿದ. ನಾಡಿ ಇತ್ತು. ಬಿಸಿ ಇರಲಿಲ್ಲ.

ಕರೆಂಟಕ್ಕ ಹೊರಗೆ ಓಡಿ ಹಳೆ ಚಕ್ರ ತಂದಳು. ಆ ಮಡಚಿದ ಬೆರಳುಗಳ ನಡುವೆ ಅದರ ಬಲಭಾಗ ಇಟ್ಟಳು. ಬೆರಳುಗಳು ಒಂದೊಂದಾಗಿ ಮುಚ್ಚಿಕೊಂಡವು.

"ಬರ್ತಿದೆ," ಅಂದ ಡಾಕ್ಟರ್, ಮಣಿಕಟ್ಟು ಬಿಡದೆ. "ಬಿಸಿ ಬರ್ತಿದೆ."

ಮುದುಕರ ತಲೆ ನಿಧಾನವಾಗಿ ದಿಂಬಿನ ಮೇಲೆ ಹೊರಳಿತು. ಎಡಗೈ ಕಂಬಳಿಯೊಳಗಿಂದ ಹೊರಬಂದು ತಡಕಾಡಿ ಹೆಂಡತಿಯ ಕೈ ಹುಡುಕಿತು. ಒಣಗಿದ ಗಂಟಲಿನಿಂದ ಒಂದು ಮಾತು ಬಂತು.

"ಬೆಲ್ಟ್ ಹಾಕ್ಕೊಂಡ್ಯಾ?"

ಅಮ್ಮ ಮಂಚದ ಅಂಚಿನಲ್ಲಿ ಕೂತರು. ಕೂತು, ಸೆರಗನ್ನು ಎದೆಗೆ ಅಡ್ಡ ಎಳೆದುಕೊಂಡರು. "ಹಾಕ್ಕೊಂಡೆ ರೀ. ಹೊರಡಿ."

ಯಜಮಾನರು ಚಕ್ರವನ್ನೂ ಬಿಡಲಿಲ್ಲ, ಹೆಂಡತಿಯ ಕೈಯನ್ನೂ ಬಿಡಲಿಲ್ಲ. ಇಬ್ಬರಿಗೂ ಈಗ ಕೋಣೆಯಲ್ಲಿ ಬೇರೆ ಯಾರೂ ಇರುವ ಹಾಗೆ ಕಾಣಲಿಲ್ಲ. ಕರೆಂಟಕ್ಕ ಕಣ್ಣಲ್ಲೇ ಬಾಗಿಲು ತೋರಿಸಿದಳು. ಅವಳೂ ಡಾಕ್ಟರೂ ಸದ್ದು ಮಾಡದೆ ಹೊರಗೆ ಬಂದರು.

ಗಾಡಿಯೊಳಗೆ ಚಕ್ರದ ಬಲಗಡೆ ಮಂಜುಗಡ್ಡೆಯ ಹಾಗಿತ್ತು. ಡಾಕ್ಟರ್ ಅದನ್ನೇ ಸವರುತ್ತ ಕೂತ.

"ಖಾಲಿ ಅನ್ನಿಸ್ತಿದೆಯಾ?" ಅವಳು ಕೇಳಿದಳು.

"ಸ್ವಲ್ಪ. ಹೆದರಿಕೆ ಅಂತಿದ್ದೆ. ಅಭ್ಯಾಸ ಆಗಿತ್ತು ಅಂತ ಈಗ ಗೊತ್ತಾಗ್ತಿದೆ."

ಅವಳು ಬಗ್ಗಿ ಸ್ವಿಚ್ ಒತ್ತಿದಳು. ಸಣ್ಣ ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ ಇಡೀ ಚಕ್ರ ಒಂದೇ ಸಮ ಬೆಚ್ಚಗಾಯಿತು. ಅದು ಅವಳೇ ಎಳೆದ ವೈರಿನ ಬಿಸಿ, ಬಟನ್ ಒತ್ತಿದರೆ ಆರುವಂಥದ್ದು.

"ನಾನು ವರ್ಗ ಕೇಳಿದ್ದೆ," ಅಂದ ಅವನು, ಎದುರಿನ ಮಂಜನ್ನೇ ನೋಡುತ್ತ. "ಗಾಡಿ ಮಾರಿ, ಈ ಊರು ಬಿಟ್ಟು, ತಲೆ ಪೂರ್ತಿ ಕೆಡೋ ಮೊದಲು ಯಾರಿಗೂ ತೊಂದರೆ ಕೊಡದ ಹಾಗೆ ಒಬ್ಬನೇ ಇದ್ದುಬಿಡೋಣ ಅಂತ. ನಾಳೆ ಹೋಗಿ ಬೇಡ ಅಂತೀನಿ."

"ಮತ್ತೆ?"

"ಮತ್ತೆ ಏನು... ಗಾಡಿ ಸರಿಹೋಯ್ತು. ಸರಿಹೋದ ಗಾಡಿ ಇಟ್ಕೊಂಡು ನಿಮ್ಮನ್ನ ನೋಡೋಕೆ ಹೇಗೆ ಬರ್ಲಿ?"

ಅವಳಿಗೆ ನಗು ಬಂತು. ಬೆಳಗಿನಿಂದ ಅದುಮಿಟ್ಟಿದ್ದ ಭಯವೂ ಆ ನಗುವಿನ ಜೊತೆ ಹೊರಗೆ ಬಂತು, ಕಣ್ಣಲ್ಲಿ ನೀರಾಗಿ. ಅವನ ಸ್ವೆಟರಿನ ತಪ್ಪಿದ ಗುಂಡಿಯನ್ನು ಬಿಚ್ಚಿ, ಸರಿಯಾದ ತೂತಿಗೆ ಹಾಕುತ್ತ, ಮುಖ ಎತ್ತದೆ ಹೇಳಿದಳು:

"ನಡ್ಕೊಂಡು ಬನ್ನಿ."